ನಮ್ಮ ಪ್ರೋಟೀನ್ ಅತ್ತೆ

ನಮ್ಮ ಅತ್ತೆ ಮೂವತ್ತು ವರ್ಷಕ್ಕೂ ಮೀರಿ ಸಂಶೋಧನೆ ಮಾಡಿದ್ದು ಒಂದೇ ವಿಷಯದ ಮೇಲೆ: ಮಡಚುವುದು. ಆದರೆ ಅವರ ಬೀರುವಿನ ಬಾಗಿಲು ತೆರೆದರೆ ಸೀರೆಗಳೆಲ್ಲ ಉಂಡೆ ಉಂಡೆಯಾಗಿ ನಮ್ಮ ಮೈಮೇಲೆ ಬೀಳುತ್ತವೆ!

"ಏನು ಅತ್ತೆ ಇದು, ಒಂದು ಸೀರೆ ಮಡಚೋಕೆ ಬರಲ್ವಾ ನಿಮಗೆ?" ಎಂದು ನನ್ನ ಹೆಂಡತಿ ಒಮ್ಮೆ ಕೇಳಿಯೇಬಿಟ್ಟಳು.

"ನನ್ನ ಸಬ್ಜೆಕ್ಟು ತಾನಾಗೇ ಮಡಚಿಕೊಳ್ಳೋ ವಸ್ತುಗಳದ್ದು ಮಾರಾಯ್ತಿ. ಸೀರೆ ಮಡಚಿಕೊಳ್ತಿಲ್ಲ ಅಂದ್ರೆ ತಪ್ಪು ಸೀರೆದು" ಎಂದರು ಅತ್ತೆ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಬೆಂಗಳೂರಿನ ಸಂಸ್ಥೆಯೊಂದರಲ್ಲಿ ದುಡಿದು, ನಿವೃತ್ತರಾಗಿ, ಈಗ ಶಿವಮೊಗ್ಗದ ಆಲ್ಕೊಳ ಸರ್ಕಲ್ಲಿನ ಹತ್ತಿರ ಮಹಡಿ ಮೇಲಿನ ಮನೆಯಲ್ಲಿದ್ದಾರೆ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಸಿಕ್ಕ ಉತ್ತರ ಒಂದೇ: "ಒಂದು ಲೆಕ್ಕ ಬಾಕಿ ಇತ್ತು."

ಆ ಲೆಕ್ಕವಾದರೂ ಏನು? ನನಗೆ ಅರ್ಥವಾದಷ್ಟು ಹೇಳುತ್ತೇನೆ. ಪ್ರೋಟೀನ್ ಎಂಬುದು ನಮ್ಮ ಮೈಯೊಳಗೆ ಉದ್ದನೆಯ ಮಣಿಸರದ ಹಾಗೆ ಹುಟ್ಟುತ್ತದಂತೆ. ಆ ಸರ ಯಾರೂ ಹೇಳಿಕೊಡದೆ ತಾನೇ ಬಾಗಿ, ಬಳುಕಿ, ಸುತ್ತಿಕೊಂಡು ತನ್ನ ಆಕಾರಕ್ಕೆ ಬಂದು ಕೂರುತ್ತದಂತೆ. ಅದು ಸುತ್ತಿಕೊಳ್ಳಬಹುದಾದ ಬಗೆಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸುತ್ತ ಹೋದರೆ ಬ್ರಹ್ಮಾಂಡದ ಆಯಸ್ಸೂ ಸಾಲದು! ಆದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಸುತ್ತದೆ. ಹೇಗೆ? ಇದನ್ನು ಕಂಡುಹಿಡಿಯಲು ಅತ್ತೆಗೆ ಪ್ರಯೋಗಶಾಲೆ ಬೇಡ, ಗಾಜಿನ ಕೊಳವೆ ಬೇಡ. ಪೆನ್ಸಿಲ್ಲು, ರಬ್ಬರು, ಗಣಿತ ಇದ್ದರೆ ಸಾಕು. ಪೆನ್ಸಿಲ್ಲಿಗಿಂತ ರಬ್ಬರೇ ಬೇಗ ಸವೆಯುತ್ತದೆ ಎನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅವರ ಬೀದಿಯ ಕೊನೆಯಲ್ಲೊಂದು ಜಿಮ್ ಇದೆ. ಅಲ್ಲಿನ ತರಬೇತುದಾರನಿಗೆ 'ಪ್ರೋಟೀನ್ ವಿಜ್ಞಾನಿ' ಬಂದಿದ್ದಾರೆ ಎಂಬ ಸುದ್ದಿ ತಲುಪಿತು. ಬಾಗಿಲಿನಷ್ಟೇ ಅಗಲದ ಆ ಮನುಷ್ಯ ಕೈಮುಗಿದುಕೊಂಡು ಮೆಟ್ಟಿಲು ಹತ್ತಿ ಬಂದ. "ಮೇಡಂ, ಮಾರ್ಕೆಟ್ಟಲ್ಲಿ ಯಾವ ಪೌಡರ್ ಒಳ್ಳೇದು?"

ಅತ್ತೆ ಅವನನ್ನು ಕೂರಿಸಿ, ಮಣಿಗಳಲ್ಲಿ ಕೆಲವಕ್ಕೆ ನೀರು ಕಂಡರೆ ಆಗದು, ಅವು ಒಳಗೆ ಅಡಗಿಕೊಳ್ಳುತ್ತವೆ, ಉಳಿದವು ಹೊರಗೆ ನಿಲ್ಲುತ್ತವೆ ಎಂಬಲ್ಲಿಂದ ಶುರುಮಾಡಿದರು. ಕಾಫಿ ಎರಡು ಸಲ ಆಯಿತು. ಅವನು ಬೆವರಿದ್ದನ್ನು ನೋಡಿದರೆ ಜಿಮ್ಮಿನಲ್ಲೂ ಅಷ್ಟು ಬೆವರಿರಲಿಕ್ಕಿಲ್ಲ! ಕೆಳಗಿಳಿದವನೇ ಮನೆ ಮಾಲೀಕರ ಹತ್ತಿರ, "ಮೇಡಂ ಬಹಳ ದೊಡ್ಡವರು. ಆದ್ರೆ ಪಾಪ, ಹೊಟ್ಟೆಗೇನೂ ತಿನ್ನಲ್ಲ ಅನ್ಸುತ್ತೆ" ಎಂದನಂತೆ. ಮರುದಿನದಿಂದ ಅತ್ತೆಗೆ ಜಿಮ್ಮಿನಿಂದ ಒಂದು ಡಬ್ಬಿ ಮೊಳಕೆ ಹೆಸರುಕಾಳು ಬರತೊಡಗಿತು.

ಇನ್ನು ಅವರ ಪ್ರಯಾಣ! ಭದ್ರಾವತಿಯಲ್ಲಿ ನಮ್ಮ ನೆಂಟರೊಬ್ಬರ ಮದುವೆ. ಅತ್ತೆ ಶಿವಮೊಗ್ಗದಲ್ಲಿ ಯಾವುದೋ ಬಸ್ಸು ಹತ್ತಿ ಯೋಚನೆಗೆ ಕೂತರು.

"ಎಲ್ಲಿಗಮ್ಮ?" ಎಂದ ಕಂಡಕ್ಟರ್.

"ಎಲ್ಲಿಗೆ ಅನ್ನೋದು ಗೊತ್ತಿದೆ ಕಣಪ್ಪ. ಹೇಗೆ ಅನ್ನೋದೇ ಗೊತ್ತಾಗ್ತಿಲ್ಲ" ಎಂದರು ಅತ್ತೆ, ಮಣಿಸರದ ಗುಂಗಿನಲ್ಲಿ.

ಕಂಡಕ್ಟರ್ ಏನೂ ತೋಚದೆ ಬಸ್ಸಿನ ಕೊನೆಯ ಸ್ಟಾಪಿಗೇ ಟಿಕೆಟ್ ಹರಿದ. ಇತ್ತ ನಾವು ಕಾದು ಕಾದು ಫೋನ್ ಮಾಡಿದೆವು.

"ಅತ್ತೆ, ಎಲ್ಲಿದ್ದೀರಿ?"

"ಊಟಕ್ಕೆ ಕೂತಿದ್ದೀನಿ. ಹೋಳಿಗೆ ಚೆನ್ನಾಗಿದೆ. ನೀವ್ಯಾಕೆ ಒಬ್ಬರೂ ಕಾಣ್ತಿಲ್ಲ?"

"ನಾವೂ ಊಟಕ್ಕೇ ಕೂತಿದ್ದೀವಿ. ಆದ್ರೆ ಇಲ್ಲಿ ಬಡಿಸ್ತಿರೋದು ಜಾಮೂನು!"

ಅತ್ತೆ ಹೊಳೆಹೊನ್ನೂರಿನಲ್ಲಿದ್ದರು, ಬಸ್ಸು ಕೊನೆಗೆ ನಿಂತ ಆ ಊರಿನ ಯಾವುದೋ ಮದುವೆ ಛತ್ರದಲ್ಲಿ. ಗುರುತುಪರಿಚಯವಿಲ್ಲದ ವಧೂವರರಿಗೆ ಅಕ್ಷತೆ ಹಾಕಿ, ನಮ್ಮವರಿಗೆಂದು ತಂದಿದ್ದ ಬೆಳ್ಳಿ ಬಟ್ಟಲನ್ನೂ ಕೊಟ್ಟು, ಫೋಟೋಗೂ ನಿಂತಿದ್ದರು. ಆ ಮನೆಯವರು ಎಷ್ಟು ಒಳ್ಳೆಯವರೆಂದರೆ, ಈಗಲೂ ಹಬ್ಬಕ್ಕೆ ಕರೆಯುತ್ತಾರೆ. ಅತ್ತೆ ಹೋಗಿಯೂ ಬರುತ್ತಾರೆ!

ಈಚೆಗೆ ನನ್ನ ಮಗಳು ಅವರನ್ನು ಕೆಣಕಿದಳು. "ಅಜ್ಜಿ, ಈಗ ಪ್ರೋಟೀನಿನ ಆಕಾರ ಕಂಪ್ಯೂಟರೇ ಹೇಳುತ್ತಂತಲ್ಲ? ನಿಮ್ಮ ಲೆಕ್ಕ ಮುಗೀತು!"

"ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ಹೇಳುತ್ತೆ ಪುಟ್ಟಿ. ಯಾವ ದಾರಿ ಹಿಡಿದು ಹೋಯ್ತು ಅಂತ ಹೇಳಲ್ಲ. ದಾರಿ ಮುಖ್ಯ" ಎಂದರು ಅತ್ತೆ ಗಂಭೀರವಾಗಿ. ಹೊಳೆಹೊನ್ನೂರಿನ ಬಸ್ಸು ಹತ್ತಿದವರ ಬಾಯಲ್ಲಿ ಈ ಮಾತು!

ಇಷ್ಟೆಲ್ಲ ನಗುವ ನಾನು ಒಂದು ದಿನ ಮಾತ್ರ ನಗದೆ ಅವರ ಮುಂದೆ ನಿಂತಿದ್ದೆ. ಭದ್ರಾವತಿಯ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡಿ ಈ ತಂಗಿಯನ್ನು ಓದಿಸಿದ ನನ್ನ ಅಪ್ಪನಿಗೆ ಮರೆವು ಶುರುವಾಗಿತ್ತು. ಮೊದಮೊದಲು ಕನ್ನಡಕ, ಆಮೇಲೆ ಮನೆಯ ದಾರಿ, ಆಮೇಲೆ ನನ್ನ ಹೆಸರು. ಮಿದುಳಿನಲ್ಲಿ ಕೆಲವು ಪ್ರೋಟೀನ್‌ಗಳು ತಪ್ಪಾಗಿ ಮಡಚಿಕೊಂಡು ಗಂಟು ಕಟ್ಟುತ್ತವೆ ಎಂದು ಡಾಕ್ಟರು ವಿವರಿಸಿದರು. ನಾನು ಅಲ್ಲಿಂದ ಸೀದಾ ಆಲ್ಕೊಳಕ್ಕೆ ಬಂದೆ.

"ಅತ್ತೆ, ಇದು ನಿಮ್ಮದೇ ಸಬ್ಜೆಕ್ಟಲ್ವಾ? ಏನಾದ್ರೂ ಮಾಡಿ."

ಅತ್ತೆ ಕೈಯಲ್ಲಿದ್ದ ಪೆನ್ಸಿಲ್ಲನ್ನು ಕೆಳಗಿಟ್ಟರು. "ಅದು ಹೇಗೆ ಮಡಚಿಕೊಳ್ಳುತ್ತೆ ಅಂತ ಒಂದು ಚೂರು ಗೊತ್ತು ಮಾರಾಯ. ಬಿಚ್ಚೋದು ನನಗೆ ಗೊತ್ತಿಲ್ಲ" ಎಂದರು.

ಅಂದಿನಿಂದ ಪ್ರತಿ ಭಾನುವಾರ ಅವರು ಭದ್ರಾವತಿಯ ನಮ್ಮ ಮನೆಗೆ ಬರುತ್ತಾರೆ. ಬಂದು ಅಣ್ಣನ ಜೊತೆ ಜಗಳ ಆಡುತ್ತಾರೆ. "ನೀನು ಸ್ವೆಟರ್ ಯಾಕೆ ಹಾಕ್ಕೊಂಡಿಲ್ಲ?" "ನಿನಗ್ಯಾಕೆ?" ಹೀಗೆ. ಅಪ್ಪ ನಮ್ಮನ್ನೆಲ್ಲ ಮರೆತರೂ ತಂಗಿಯನ್ನು, ಆ ಜಗಳವನ್ನು ಮರೆತಿರಲಿಲ್ಲ.

ಕಳೆದ ಭಾನುವಾರ ಅಪ್ಪ ವರಾಂಡದಲ್ಲಿ ಬಿಸಿಲಿಗೆ ಮೈಯೊಡ್ಡಿ ಕೂತಿದ್ದರು. ಅತ್ತೆ ಬಂದು ಎದುರಿಗೆ ಕೂತರು. ಅಪ್ಪ ಅವರ ಮುಖವನ್ನೇ ನೋಡಿ, ಸಂಕೋಚದಿಂದ ಕೇಳಿದರು. "ತಾವು ಯಾರು ಅಂತ ಗೊತ್ತಾಗ್ಲಿಲ್ಲ."

ನಾನು ಬಾಗಿಲಲ್ಲೇ ನಿಂತುಬಿಟ್ಟೆ.

"ಶಿವಮೊಗ್ಗದಿಂದ ಬಂದಿದ್ದೀನಿ" ಎಂದರು ಅತ್ತೆ.

"ಏನು ಮಾಡ್ಕೊಂಡಿದ್ದೀರಿ?"

"ಪ್ರೋಟೀನ್ ಬಗ್ಗೆ ಸ್ವಲ್ಪ ಲೆಕ್ಕ ಮಾಡ್ತೀನಿ."

ಅಪ್ಪನ ಮುಖ ಅರಳಿತು. "ಹೌದಾ! ನನ್ನ ತಂಗಿನೂ ಅದನ್ನೇ ಮಾಡೋದು. ಬಹಳ ಬುದ್ಧಿವಂತೆ. ಅವಳು ಹೇಳೋದು ನನಗೊಂದು ಅಕ್ಷರ ಅರ್ಥ ಆಗಲ್ಲ, ಆದ್ರೂ ಫ್ಯಾಕ್ಟರೀಲಿ ಎಲ್ಲರ ಹತ್ರ ಹೇಳ್ಕೊಂಡು ತಿರುಗ್ತೀನಿ. ಅವಳೆದುರಿಗೆ ಮಾತ್ರ ಹೇಳಲ್ಲ, ಮೊದಲೇ ಜಂಭ ಜಾಸ್ತಿ. ನಿಮ್ಮ ಲೆಕ್ಕ ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಅವಳನ್ನ ಕೇಳಿ. ನನ್ನ ಹೆಸರು ಹೇಳಿ, ಇಲ್ಲ ಅನ್ನಲ್ಲ."

ಜೀವಮಾನವಿಡೀ ಅಣ್ಣನನ್ನು ಏಕವಚನದಲ್ಲೇ ಗದರಿಸಿಕೊಂಡು ಬಂದ ಅತ್ತೆ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.

"ಆಗಲಿ, ಕೇಳ್ತೀನಿ. ನನಗೇನೂ ಅವಸರ ಇಲ್ಲ. ನೀವು ಅವಳ ವಿಷಯ ಇನ್ನೂ ಸ್ವಲ್ಪ ಹೇಳಿ" ಎಂದರು.