ಅಡ್ಡ ನಿಂತ ಬೂದು ಕಾರು

ಎಲ್ಲಕ್ಕೂ ಕಾರಣ ಹತ್ತು ಸೆಂಟಿನ ಒಂದು ನಾಣ್ಯ. ಫುಲ್ವಿಯೊ ಕಪೆಚೆ ವಾಸವಾಗಿದ್ದ ಮನೆಯ ಲಿಫ್ಟು ಇಬ್ಬರು ಮೈ ಒತ್ತಿ ನಿಲ್ಲುವಷ್ಟು ಅಗಲದ್ದು. ಅದೂ ಡಬ್ಬಿಗೆ ನಾಣ್ಯ ಬಿದ್ದರಷ್ಟೇ ಅಲುಗುತ್ತಿತ್ತು. ನೇಪಲ್ಸಿನ ಹಳೆಯ ಮನೆಗಳಲ್ಲಿ ಇದೇ ಪದ್ಧತಿ. ಫುಲ್ವಿಯೊ ಪ್ಯಾಂಟಿನ ಜೇಬು ತಡಕಿದ, ಕೋಟಿನ ಜೇಬು ತಡಕಿದ. ಸಿಕ್ಕಿದ್ದು ಬಸ್ಸಿನ ಒಂದು ಹಳೇ ಟಿಕೆಟ್ಟು. ಅವನಿಗೆ ಆಗ ಏರಿದ ಸಿಟ್ಟು ಆ ದಿನವೆಲ್ಲ ಇಳಿಯಲಿಲ್ಲ.

ಸಿಟ್ಟು ಬರದೆ ಏನಾಗುತ್ತದೆ? ಹಾಳೂರು ಪೊಂಪೆಯಿಯ ಕಲ್ಲುಬೀದಿಗಳಲ್ಲಿ ರೋಮನ್ನರ ಕಾಲದ ಗಾಡಿಗಳು ಕೊರೆದ ಚಕ್ರದ ಜಾಡುಗಳನ್ನು ಮಂಡಿಯೂರಿ ಅಳೆಯುತ್ತಲೇ ಅವನ ಅರ್ಧ ಆಯುಷ್ಯ ಕಳೆದಿತ್ತು. ಕೆಲಸ ಮಾತ್ರ ವರ್ಷ ವರ್ಷಕ್ಕೂ ಹೊಸದಾಗಿ ಬೇಡಿ ಪಡೆಯುವಂಥದ್ದು. ಈ ತಿಂಗಳಿಗೆ ಅದೂ ಮುಗಿಯಿತು. ಇವತ್ತು ಪೇಟೆಯ ವಿಶ್ವವಿದ್ಯಾಲಯದಲ್ಲಿ ವಿಚಾರ ಸಂಕಿರಣ. ಅಧ್ಯಕ್ಷರು ತೂರಿನ್‌ನಿಂದ ಬಂದಿರುವ ಪ್ರೊಫೆಸರ್ ಬೊಸ್ಕೊ. ಅವರ ವಿಭಾಗದಲ್ಲೊಂದು ಕಾಯಂ ಹುದ್ದೆ ಖಾಲಿ ಇತ್ತು. ಫುಲ್ವಿಯೊ ಅವರ ಮುಖ ನೋಡಿದವನಲ್ಲ, ಪ್ರಬಂಧವನ್ನಷ್ಟೇ ಕಳಿಸಿದ್ದ. ಅವರು ತಲೆಯಾಡಿಸಿದರೆ ಬದುಕು. ಇಲ್ಲವಾದರೆ ಶ್ರೀಮಂತರ ದಡ್ಡ ಮಕ್ಕಳಿಗೆ ಲ್ಯಾಟಿನ್ ಟ್ಯೂಷನ್.

"ಫುಲ್ವಿಯೊ, ನಿನ್ನೆ ಯಾರೋ ಫೋನ್ ಮಾಡಿದ್ರು ಕಣೋ," ಎಂದು ತಾಯಿ ತೆರೆಸಿನಾ ಅಡುಗೆಮನೆಯಿಂದ ಕೂಗಿದಳು. "ಇವತ್ತು ಬೆಳಿಗ್ಗೆ ಅವರು..."

"ಈಗ ಬೇಡಮ್ಮ. ಹತ್ತು ಸೆಂಟು ಇದ್ರೆ ಕೊಡು."

"ಇದ್ದ ಚಿಲ್ಲರೆ ಎಲ್ಲಾ ಬ್ರೆಡ್ಡಿನವನಿಗೆ ಕೊಟ್ಟೆ. ಮೊದಲು ನಾನು ಹೇಳೋದು ಕೇಳು."

"ಆಮೇಲೆ ಕೇಳ್ತೀನಿ," ಎಂದು ಅವನು ಬಾಗಿಲು ದಡಾರನೆ ಎಳೆದುಕೊಂಡು ಮೆಟ್ಟಿಲಿಳಿದ. ಎರಡನೆಯ ಮಹಡಿ ದಾಟುವಾಗ ಲಿಫ್ಟು ಗರಗರ ಎನ್ನುತ್ತ ಅವನ ಪಕ್ಕದಲ್ಲೇ ಮೇಲೇರಿತು. ಯಾರ ಜೇಬಿನಲ್ಲೋ ಚಿಲ್ಲರೆ ಇತ್ತು. ಅವನಿಗೂ ಒಂದು ಬೈಗುಳ ಸಂದಿತು.

ಬೀದಿಗೆ ಬಂದರೆ ಇನ್ನೊಂದು ಕಾಟ ಕಾದಿತ್ತು. ಗೋಡೆಗೆ ಒತ್ತಿ ನಿಲ್ಲಿಸಿದ ಅವನ ಪುಟ್ಟ ಫಿಯೆಟ್ಟಿನ ಪಕ್ಕಕ್ಕೆ, ಒಂದು ಇರುವೆಯೂ ನುಸುಳದ ಹಾಗೆ, ಬೂದು ಬಣ್ಣದ ಒಂದು ಬಾಡಿಗೆ ಕಾರು ಅಡ್ಡ ನಿಂತಿತ್ತು.

ಅಡ್ಡ ನಿಲ್ಲಿಸಿದ್ದಕ್ಕೆ ಈ ಊರಲ್ಲಿ ಯಾರೂ ಬೈಯುವುದಿಲ್ಲ. ಆದರೆ ಅದಕ್ಕೂ ಒಂದು ಮರ್ಯಾದೆ ಉಂಟು. ಹ್ಯಾಂಡ್‌ಬ್ರೇಕ್ ಎಳೆಯದೆ ಬಿಟ್ಟುಹೋಗಬೇಕು, ಬೇಕಾದವರು ತಳ್ಳಿಕೊಳ್ಳುತ್ತಾರೆ. ಅಥವಾ ಎದುರಿನ ಅಂಗಡಿಯಲ್ಲಿ ಒಂದು ಮಾತು ಹೇಳಿಹೋಗಬೇಕು. ಫುಲ್ವಿಯೊ ಹೆಗಲು ಕೊಟ್ಟು ತಳ್ಳಿದ. ಕಾರು ಕದಲಲಿಲ್ಲ. ಈ ಮಹಾಶಯ ಬ್ರೇಕನ್ನೂ ಎಳೆದಿದ್ದ, ಗೇರನ್ನೂ ಹಾಕಿದ್ದ. ಫುಲ್ವಿಯೊನ ಮೈಯೆಲ್ಲ ಉರಿದುಹೋಯಿತು. ತನ್ನ ಕಾರಿನೊಳಗೆ ಕೂತು ಹಾರ್ನ್ ಒತ್ತಿದವನು ಕೈ ತೆಗೆಯಲೇ ಇಲ್ಲ.

ಎದುರಿನ ಕ್ಷೌರದಂಗಡಿಯಿಂದ ವಿತ್ತೋರಿಯೊ ಕತ್ತಿ ಹಿಡಿದುಕೊಂಡೇ ಹೊರಗೆ ಬಂದ. ಓದಿದವರೆಲ್ಲ ಅವನ ಬಾಯಲ್ಲಿ ಡಾಕ್ಟರೇ. "ಯಾಕೆ ಡಾಕ್ಟ್ರೇ, ಯಾರ ಮದುವೆ ದಿಬ್ಬಣಕ್ಕೆ ಈ ಹಾರ್ನು?"

"ಇದು ಯಾರ ಗಾಡಿ?"

"ಗೊತ್ತಿಲ್ಲ. ನನ್ನ ಹತ್ರ ಹೇಳಿಹೋಗಿಲ್ಲ. ಹೇಳಿಹೋಗ್ದೇ ಇರೋನು ಮನುಷ್ಯನೇ ಅಲ್ಲ."

ಹಾರ್ನಿಗೆ ಬೀದಿಯ ಬಾಲ್ಕನಿಗಳೆಲ್ಲ ತುಂಬಿದವು, ಬೂದು ಕಾರಿನವನೊಬ್ಬನನ್ನು ಬಿಟ್ಟು. ಫುಲ್ವಿಯೊನ ಮನೆಯ ಬಾಲ್ಕನಿ ಹಿಂದಿನ ಅಂಗಳಕ್ಕಿತ್ತು, ತೆರೆಸಿನಾ ಕಾಣಲಿಲ್ಲ. ಅಷ್ಟರಲ್ಲಿ ಅವನ ಮೊಬೈಲ್ ಕೂಗಿತು. ಅಮ್ಮ. ತಿಂಡಿಯ ಡಬ್ಬಿ ಮರೆತೆ ಎನ್ನುವುದಕ್ಕಿರಬೇಕು ಎಂದುಕೊಂಡು ಕತ್ತರಿಸಿದ. ಮತ್ತೆ ಕೂಗಿತು, ಮತ್ತೆ ಕತ್ತರಿಸಿದ. ಮೂರನೆಯ ಸಲಕ್ಕೆ ಹಲ್ಲು ಕಚ್ಚಿ ಫೋನನ್ನೇ ಆಫ್ ಮಾಡಿ ಜೇಬಿಗೆ ತುರುಕಿದ.

"ಮಗನೇ, ಇಂಥೋರಿಗೆ ಬುದ್ಧಿ ಕಲಿಸ್ಬೇಕು," ಎಂದು ಎರಡನೆಯ ಮಹಡಿಯಿಂದ ನೆರೆಯಾಕೆ ಡೋನಾ ಓಲಿಂಪಿಯ ಸಲಹೆ ಕೊಟ್ಟಳು. ತರಕಾರಿ ಏರಿಸುವ ಬುಟ್ಟಿ ಹಗ್ಗದಲ್ಲಿ ತೂಗುತ್ತ ಕೆಳಗಿಳಿಯಿತು. ಒಳಗೆ ಅವಳ ತಲೆಯ ಒಂದು ಹೇರ್‌ಪಿನ್ನು. "ಚಕ್ರದ ಗಾಳಿ ಬಿಡು. ಪಿನ್ನು ಮಾತ್ರ ವಾಪಸ್ ಬೇಕು, ಬೆಳ್ಳೀದು."

ಫುಲ್ವಿಯೊ ಸಭ್ಯ ಮನುಷ್ಯ. ಒಂದು ಗಳಿಗೆ ಹಿಂದುಮುಂದು ನೋಡಿದ. ಆಮೇಲೆ ಕೋಟಿನ ತೋಳು ಮಡಚಿ ಬೂದು ಕಾರಿನ ಮುಂದಿನ ಚಕ್ರದ ಬಳಿ ಕುಕ್ಕರಿಸಿದ. ಮುಚ್ಚಳ ತಿರುಗಿಸಿ ತೆಗೆದು ಪಿನ್ನು ಒತ್ತಿದ. ಬುಸ್ಸೆಂದು ಗಾಳಿ ಹೋಗುತ್ತಿದ್ದಂತೆ ಬಾಲ್ಕನಿಗಳಲ್ಲಿ ಚಪ್ಪಾಳೆ ಬಿತ್ತು.

"ಒಂದು ಬಿಟ್ರೆ ಏನು ಬಂತು ಡಾಕ್ಟ್ರೇ?" ಎಂದ ವಿತ್ತೋರಿಯೊ. "ಅವನ ಹತ್ರ ಸ್ಟೆಪ್ನಿ ಇರುತ್ತೆ. ಎರಡು ಬಿಡಿ."

ಎರಡೂ ಹೋದವು. ಮುಚ್ಚಳಗಳನ್ನು ಫುಲ್ವಿಯೊ ಗೆದ್ದ ಪದಕಗಳ ಹಾಗೆ ಜೇಬಿಗೆ ಹಾಕಿಕೊಂಡ. ಎದೆಗೆ ತುಸು ತಂಪಾಯಿತು. ಆದರೆ ಅವನು ಇನ್ನೂ ಗುಡ್ಡದ ಮೇಲೇ ಇದ್ದ, ಸಂಕಿರಣ ಗುಡ್ಡದ ಕೆಳಗಿತ್ತು.

ಗುಡ್ಡ ಇಳಿಸುವ ಹಗ್ಗದ ರೈಲು ಅಂದು ದುರಸ್ತಿಗೆ ನಿಂತಿತ್ತು. ಬಸ್ಸು ಬಂತು, ಬಾಗಿಲು ತೆರೆಯಲಾರದಷ್ಟು ತುಂಬಿದ್ದರಿಂದ ಹಾಗೇ ಹೋಯಿತು. ಕೊನೆಗೆ ವಿತ್ತೋರಿಯೊ, ಒಂದು ಕೆನ್ನೆ ಬೋಳಿಸಿ ಮುಗಿದು ಇನ್ನೊಂದು ಕೆನ್ನೆಯಲ್ಲಿ ನೊರೆಯಿದ್ದ ಗಿರಾಕಿಗೆ "ಇಗೋ ಬಂದೆ" ಎಂದು ಹೇಳಿ, ಸ್ಕೂಟರು ಹೊರಗೆಳೆದ. ಪರೋಪಕಾರಿ ನಿಜ. ಆದರೆ ದಾರಿಯಲ್ಲಿ ಸಿಕ್ಕ ಪ್ರತಿಯೊಬ್ಬನ ಮುಂದೆಯೂ ಸ್ಕೂಟರು ನಿಲ್ಲಿಸಿ, "ಇವ್ರು ನಮ್ಮ ಡಾಕ್ಟ್ರು. ಇವತ್ತು ಒಬ್ಬನ ಎರಡು ಚಕ್ರ ಇಳಿಸಿದ್ರು ನೋಡು," ಎಂದು ಪರಿಚಯ ಮಾಡಿಸುತ್ತಿದ್ದ. ಒಬ್ಬ ಮೀನಿನವನಂತೂ ಕಥೆಯನ್ನು ಮೊದಲಿಂದ ಕೇಳಿದ.

"ಹೋಗೋಣ ಮಾರಾಯ, ನನ್ನ ಕೆಲಸ ಹೋಗುತ್ತೆ," ಎಂದು ಫುಲ್ವಿಯೊ ಹಿಂದಿನಿಂದ ಗುಡುಗಿದ.

"ಸಿಟ್ಟು ಮಾಡ್ಕೋಬೇಡಿ ಡಾಕ್ಟ್ರೇ, ನೀವೀಗ ದೊಡ್ಡೋರು."

ವಿಶ್ವವಿದ್ಯಾಲಯದ ಹೆಬ್ಬಾಗಿಲಲ್ಲಿ ಸಂಕಿರಣದ ಬಾಣದ ಗುರುತುಗಳಿದ್ದವು. ಫುಲ್ವಿಯೊ ಅವನ್ನೇ ನಂಬಿ ಓಡಿದ. ಅಂಗಳ ದಾಟಿ, ಕಂಬಸಾಲು ದಾಟಿ, ಏದುಸಿರು ಬಿಡುತ್ತ ಬಂದು ನಿಂತದ್ದು ಅದೇ ಹೆಬ್ಬಾಗಿಲಿಗೆ. ಕಾವಲುಗಾರ ಕುರ್ಚಿಯಲ್ಲಿ ಕಿತ್ತಳೆ ಸುಲಿಯುತ್ತಿದ್ದ.

"ಈ ಬಾಣಗಳನ್ನ ಯಾರು ಅಂಟಿಸಿದ್ದು?"

"ಗಾಳಿಗೆ ಬಿದ್ದುಹೋಗಿದ್ವು. ನಾನೇ ಮತ್ತೆ ಅಂಟಿಸಿದೆ."

"ಯಾವ ಕಡೆಗೆ ಅಂತ ನೋಡಿ ಅಂಟಿಸಿದ್ಯಾ?"

"ಗೋಡೆ ಕಡೆಗೆ," ಎಂದು ಅವನು ಒಂದು ತೊಳೆ ಬಾಯಿಗೆ ಹಾಕಿಕೊಂಡ.

ಸಭಾಂಗಣ ಸಿಕ್ಕಾಗ ಫುಲ್ವಿಯೊನ ಅಂಗಿ ಬೆನ್ನಿಗೆ ಅಂಟಿತ್ತು, ತಲೆ ಕಾದ ಬಾಣಲೆಯಾಗಿತ್ತು. ಆದರೆ ಅದೃಷ್ಟ ಒಂದು ಸಲ ಈ ಕಡೆ ತಿರುಗಿದಂತೆ ಕಂಡಿತು. ಸಭೆ ಶುರುವೇ ಆಗಿರಲಿಲ್ಲ. ಸಂಚಾಲಕಿ ಇನೆಸ್ ಓಡಿಬಂದಳು. "ಬೊಸ್ಕೊ ಅವರು ಇನ್ನೂ ಬಂದಿಲ್ಲ, ಫೋನೂ ಎತ್ತುತ್ತಿಲ್ಲ. ಜನ ಎದ್ದುಹೋಗ್ತಿದಾರೆ. ನೀವೇ ಮೊದಲು ಮಾತಾಡಿಬಿಡಿ, ಪುಣ್ಯ ಬರುತ್ತೆ."

ಫುಲ್ವಿಯೊ ವೇದಿಕೆ ಹತ್ತಿದ. ಬರೆದು ತಂದದ್ದನ್ನು ಓದತೊಡಗಿದ. ಕಲ್ಲಿನ ಅಂಚಿನ ಒಂದು ಜಾಡನ್ನು ಪರದೆಯ ಮೇಲೆ ತೋರಿಸಿ, ಒಂದು ಗಾಡಿ ಇನ್ನೊಂದಕ್ಕೆ ಅಡ್ಡ ನಿಂತಾಗ ಮೂರನೆಯದು ತಪ್ಪಿಸಿಕೊಳ್ಳಲು ಹೋಗಿ ಪಕ್ಕದ ಕಲ್ಲನ್ನು ಸವೆಸಿದ ಗುರುತು ಇದು ಎಂದ. ಅಲ್ಲಿಗೆ ತಡೆದಿಟ್ಟ ಸಿಟ್ಟು ಕಟ್ಟೆಯೊಡೆಯಿತು. ಕಾಗದ ಪಕ್ಕಕ್ಕಿಟ್ಟ.

"ಇವತ್ತು ಬೆಳಿಗ್ಗೆ ನನ್ನ ಕಾರಿಗೇ ಒಬ್ಬ ಅಡ್ಡ ನಿಲ್ಲಿಸಿದ್ದ," ಎಂದ. "ಬ್ರೇಕ್ ಎಳೆದು ಹೋಗಿದ್ದ. ನಾಚಿಕೆ ಇಲ್ಲದವನು, ತಂದೆತಾಯಿ ಬುದ್ಧಿ ಕಲಿಸದವನು." ಹಾರ್ನು, ಬುಟ್ಟಿ, ಪಿನ್ನು, ಎಲ್ಲವನ್ನೂ ಕೈಕಾಲು ಆಡಿಸಿ ಹೇಳಿದ. ನಿದ್ದೆಗೆ ಬಿದ್ದಿದ್ದ ಹಿರಿಯ ವಿದ್ವಾಂಸರು ಎದ್ದು ಕೂತರು. ಜಾಡುಗಳ ಬಗ್ಗೆ ಅವನು ಎಷ್ಟೋ ಸಲ ಮಾತಾಡಿದ್ದ, ಯಾರೂ ಒಮ್ಮೆಯೂ ನಕ್ಕಿರಲಿಲ್ಲ; ಈಗ ಸಭೆಯೆಲ್ಲ ಹೊಟ್ಟೆ ಹಿಡಿದುಕೊಂಡಿತ್ತು. ಕೊನೆಗೆ ಜೇಬಿಗೆ ಕೈಹಾಕಿ ಎರಡೂ ಮುಚ್ಚಳಗಳನ್ನು ಎತ್ತಿ ತೋರಿಸಿದ. "ಸಾಕ್ಷಿ," ಎಂದ. ಚಪ್ಪಾಳೆ ನಿಲ್ಲಲಿಲ್ಲ. ಆ ಗಳಿಗೆಯಲ್ಲಿ ಅವನು ನಿಜಕ್ಕೂ ಸುಖಿಯಾಗಿದ್ದ.

ಹಿಂದಿನ ಬಾಗಿಲ ಬಳಿ ಒಬ್ಬ ಎತ್ತರದ ಮುದುಕರು ನಿಂತಿದ್ದರು. ಎರಡೂ ಕೈಗೆ ಮಸಿ, ಇಸ್ತ್ರಿ ಮಾಡಿದ ಅಂಗಿಗೂ ಮಸಿ. ಅವರ ತೋಳು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಸಿಹಿತಿಂಡಿಯ ಪೊಟ್ಟಣ ತೂಗಿಸಿಕೊಂಡು ಬಂದಿದ್ದವಳು ತೆರೆಸಿನಾ.

"ಫೋನ್ ಯಾಕೋ ಎತ್ತಲ್ಲ?" ಎಂದು ಅವಳು ಅಲ್ಲಿಂದಲೇ ಕೇಳಿದಳು. ಸಭೆಯೆಲ್ಲ ತಿರುಗಿತು. "ಪ್ರೊಫೆಸರ್ರು ನಿನ್ನ ಕರ್ಕೊಂಡು ಹೋಗೋಕೆ ಮನೆಗೇ ಬಂದ್ರು. ಚಿಲ್ಲರೆ ತರೋಕೆ ಹೋಗಿದಾನೆ, ಬರ್ತಾನೆ ಅಂತ ನಾನೂ ಎರಡೆರಡು ಸಲ ಕಾಫಿ ಕೊಟ್ಟು ಕೂರಿಸ್ದೆ. ಕೆಳಗೆ ಬಂದ್ರೆ ಯಾವನೋ ಪಾಪಿ ಇವರ ಕಾರಿನ ಎರಡು ಚಕ್ರ ಇಳಿಸಿದಾನೆ. ಒಂದಕ್ಕೆ ಸ್ಟೆಪ್ನಿ ಹಾಕಿದ್ರು, ಇನ್ನೊಂದಕ್ಕೆ ಎಲ್ಲಿಂದ ತರ್ತಾರೆ? ಕೊನೆಗೆ ಟ್ಯಾಕ್ಸಿ ಮಾಡ್ಕೊಂಡು ಬಂದ್ವಿ."

ಯಾರೂ ನಗಲಿಲ್ಲ. ಫುಲ್ವಿಯೊನ ಎತ್ತಿದ ಕೈ ಎತ್ತಿದ ಹಾಗೇ ಇತ್ತು. ಬೊಸ್ಕೊ ನಿಧಾನವಾಗಿ ನಡೆದು ವೇದಿಕೆಗೆ ಬಂದು ಅಂಗೈ ಚಾಚಿದರು. ಅವನು ಮುಚ್ಚಳಗಳನ್ನು ಅದರಲ್ಲಿಟ್ಟ.

"ನಾನು ಜನ್ಮದಲ್ಲಿ ಎಲ್ಲೂ ಅಡ್ಡ ನಿಲ್ಲಿಸಿದವನಲ್ಲ," ಎಂದರು ಬೊಸ್ಕೊ, ತೂರಿನ್ನಿನ ಮೆದು ದನಿಯಲ್ಲಿ. "ಈ ಊರಿನಲ್ಲಿ ಎಲ್ಲರೂ ನಿಲ್ಲಿಸುತ್ತಾರೆ ಎಂದು ಹೋಟೆಲಿನವರು ಹೇಳಿದರು. ಬ್ರೇಕ್ ಎಳೆಯಬಾರದು ಎಂದು ಯಾರೂ ಹೇಳಲಿಲ್ಲ."

"ಸರ್, ನಾನು... ತಾವು ಅಂತ ಗೊತ್ತಿದ್ದರೆ..."

"ಗೊತ್ತಿಲ್ಲದವರದ್ದಾದರೆ ಗಾಳಿ ಬಿಡಬಹುದೋ?" ಎಂದು ಅವರು ಸಿಟ್ಟಿಲ್ಲದೆ ಕೇಳಿದರು. ಸಿಟ್ಟು ಮಾಡಿದ್ದರೇ ಚೆನ್ನಾಗಿತ್ತು. "ತಮ್ಮ ಪ್ರಬಂಧ ಬಹಳ ಹಿಡಿಸಿತ್ತು. ಆ ಹುದ್ದೆಯ ವಿಷಯ ಕಾರಿನಲ್ಲಿ ಬರುವಾಗ ದಾರಿಯಲ್ಲಿ ಹೇಳೋಣ ಎಂದಿದ್ದೆ. ದಾರಿಯೇ ಆಗಲಿಲ್ಲ." ಅಷ್ಟು ಹೇಳಿ ಅಧ್ಯಕ್ಷರ ಕುರ್ಚಿಯಲ್ಲಿ ಕೂತು, ಮುಂದಿನವರ ಹೆಸರು ಕರೆದರು.

ಸಂಜೆ ಮೂವರೂ ಬಸ್ಸಿನಲ್ಲಿ ಗುಡ್ಡ ಹತ್ತಿದರು. ಬೂದು ಕಾರು ಒಂದು ಕಡೆಗೆ ಕುಸಿದು ಕೂತಿತ್ತು. ಅದರ ಹಿಂದೆ ಫುಲ್ವಿಯೊನ ಫಿಯೆಟ್ಟು ಬೆಳಿಗ್ಗೆ ಇದ್ದಂತೆಯೇ ಸೆರೆಯಲ್ಲಿತ್ತು. ಕಾರಿನ ಬಾಡಿಗೆಯವರು ಸೋಮವಾರಕ್ಕೆ ಮೊದಲು ಬರುವುದಿಲ್ಲ ಎಂದಿದ್ದರು.

"ನನ್ನ ಪಿನ್ನು," ಎಂದು ಮೇಲಿನಿಂದ ಡೋನಾ ಓಲಿಂಪಿಯ ನೆನಪಿಸಿದಳು. ಬುಟ್ಟಿ ಆಗಲೇ ಇಳಿದು ಬಂದಿತ್ತು.

"ಹೋಟೆಲು ಬೆಳಿಗ್ಗೇನೇ ಖಾಲಿ ಮಾಡಿದಾರಂತೆ, ಸೋಮವಾರದವರೆಗೆ ಪ್ರೊಫೆಸರ್ರು ನಮ್ಮನೇಲೇ ಇರ್ತಾರೆ," ಎಂದಳು ತೆರೆಸಿನಾ. "ನಿನ್ನ ಕೋಣೆ ಕೊಟ್ಟಿದೀನಿ. ನೀನು ಅಡುಗೆಮನೇಲಿ ಹಾಸ್ಕೊ."

ಲಿಫ್ಟಿನ ಬಳಿ ಬೊಸ್ಕೊ ವೇಸ್ಟ್‌ಕೋಟಿನ ಜೇಬಿನಿಂದ ಹತ್ತು ಸೆಂಟಿನ ಒಂದು ನಾಣ್ಯ ತೆಗೆದು ಡಬ್ಬಿಗೆ ಹಾಕಿದರು. ತೆರೆಸಿನಾಳನ್ನು ಮೊದಲು ಹತ್ತಿಸಿ, ತಾವೂ ಹತ್ತಿ, ಫುಲ್ವಿಯೊನ ಕಡೆ ನೋಡಿ, ಜಾಗವಿಲ್ಲವೆಂದು ಮೆಲ್ಲಗೆ ಬಾಗಿಲು ಹಾಕಿಕೊಂಡರು. ಅವನು ಎರಡನೆಯ ಮಹಡಿ ತಲುಪುವಷ್ಟರಲ್ಲಿ ಲಿಫ್ಟು ಗರಗರ ಎನ್ನುತ್ತ ಅವನ ಪಕ್ಕದಲ್ಲೇ ಮೇಲೇರಿತು. ಒಳಗೆ ತಾಯಿ ಅವನ ಬಾಲ್ಯದ ಯಾವುದೋ ಸಿಟ್ಟಿನ ಕಥೆ ಹೇಳುತ್ತಿದ್ದಳು, ಪ್ರೊಫೆಸರು ನಗುತ್ತಿದ್ದರು.