ಮಾವನ ಚುಚ್ಚುವ ಹಲ್ಲು

ಹಲ್ಲಿಲ್ಲದವರನ್ನು ನಂಬಬಹುದು, ಹಲ್ಲು ಕಟ್ಟಿಸಿಕೊಂಡವರನ್ನು ಮಾತ್ರ ಯಾವತ್ತೂ ನಂಬಬಾರದು. ಇದು ಪುಸ್ತಕ ಓದಿ ತಿಳಿದದ್ದಲ್ಲ. ನಮ್ಮ ಸೋದರಮಾವನನ್ನು ಸಾಗರದ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಹೋಗಿ, ಮತ್ತೆ ಹೋಗಿ, ಸುಸ್ತಾಗಿ ಕಲಿತದ್ದು.

ಮಾವನ ಊರು ಹೊಸನಗರದ ಆಚೆ. ನಾನಾಗ ಸಾಗರದಲ್ಲಿ ಮೇಷ್ಟರು. ಬಸ್ ಸ್ಟ್ಯಾಂಡಿನ ಹಿಂದೆ ಬಾಡಿಗೆ ಮನೆ. ಬಸ್ ಸ್ಟ್ಯಾಂಡಿನ ಹತ್ತಿರ ಮನೆ ಮಾಡುವ ಅವಿವೇಕ ಯಾರಿಗೂ ಬೇಡ. ನೆಂಟರಿಷ್ಟರ ಕನ್ನಡಕ, ಕೋರ್ಟು, ಕಾಲುನೋವು ಎಲ್ಲವೂ ಬಸ್ಸಿಳಿದು ನೆಟ್ಟಗೆ ನಮ್ಮ ಮನೆಗೇ ಬರುತ್ತವೆ. ಮಾವನ ಹಲ್ಲೂ ಹಾಗೇ ಬಂತು.

ಮಾವನ ಬಾಯಲ್ಲಿ ಹಲ್ಲೆಂಬುದು ಉಳಿದಿರಲಿಲ್ಲ. ಆದರೆ ಎಲೆಅಡಿಕೆ ಇಲ್ಲದೆ ಅವರಿಗೆ ಬೆಳಗಾಗುತ್ತಿರಲಿಲ್ಲ. ಅತ್ತೆ ಬಾಗಿಲ ಪಕ್ಕ ಕೂತು, ಪುಟ್ಟ ಕುಟ್ಟಾಣಿಯಲ್ಲಿ ಎಲೆ, ಅಡಿಕೆ, ಸುಣ್ಣ ಹಾಕಿ ನುಣ್ಣಗೆ ಕುಟ್ಟಿ ಅವರ ಅಂಗೈಗೆ ಹಾಕುತ್ತಿದ್ದರು. ಅತ್ತೆಗೆ ಆ ಹೊತ್ತಿಗೆ ಕಣ್ಣು ಪೂರ್ತಿ ಹೋಗಿತ್ತು. ಒಲೆಯ ಹತ್ತಿರ ಸೊಸೆ ಬಿಡುತ್ತಿರಲಿಲ್ಲ, ಕೊಟ್ಟಿಗೆಗೆ ಮಗ ಬಿಡುತ್ತಿರಲಿಲ್ಲ. ಕುಟ್ಟುವುದೊಂದು ಕೈಗೆ ರೂಢಿಯಾಗಿದ್ದರಿಂದ ನಡೆಯುತ್ತಿತ್ತು.

"ಅವಳ ರಟ್ಟೆ ಬಿದ್ದು ಹೋಗ್ತದೆ ಮಾರಾಯ. ಹಲ್ಲು ಕಟ್ಟಿಸ್ಕಂಡು ಆ ಕುಟ್ಟಾಣೀನ ಅಟ್ಟಕ್ಕೆ ಹಾಕ್ತೀನಿ" ಎಂದರು ಮಾವ. ಹೆಂಡತಿಯ ಮೇಲೆ ಇಷ್ಟು ಕನಿಕರ ತೋರಿಸುವ ಮನುಷ್ಯನಿಗೆ ಆಗುವುದಿಲ್ಲ ಎನ್ನುವುದು ಹೇಗೆ? ಶಾಲೆಗೆ ರಜೆ ಹಾಕಿದೆ.

ಡಾಕ್ಟರು ಅಳತೆಗೆಂದು ಬಿಳಿ ಹಿಟ್ಟಿನಂಥದ್ದನ್ನು ಕಲಸಿ ಬಾಯಿಗೆ ತುಂಬಿದರು. ಮಾವ ನನ್ನ ಮೊಣಕೈ ಹಿಡಿದು ಕಣ್ಣು ಮೇಲೆ ಮಾಡಿ ಕೂತರು. ಹೊರಗೆ ರಸ್ತೆಯಲ್ಲಿ ಲಿಂಗನಮಕ್ಕಿ ಕಡೆಗೆ ಸಿಮೆಂಟಿನ ಲಾರಿಗಳು ಹೋಗುತ್ತಿದ್ದವು. ಬಾಯಿ ಖಾಲಿಯಾದ ಕೂಡಲೇ ಮಾವ, "ಅಣೆಕಟ್ಟಿಗೆ ಸುರಿದು ಉಳಿದಿದ್ದನ್ನ ನನ್ನ ಬಾಯಿಗೆ ಸುರಿದ್ರಲ್ಲ ಡಾಕ್ಟ್ರೆ" ಎಂದರು. ಡಾಕ್ಟರು ನಕ್ಕರು. ಪಾಪ, ಮುಂದೆ ಏನು ಕಾದಿದೆ ಎಂದು ಅವರಿಗೆ ಗೊತ್ತಿರಲಿಲ್ಲ.

ಸೆಟ್ಟು ತಯಾರಾಗಿ ಬಂತು. ಮಾವ ಅದನ್ನು ಹಾಕಿಕೊಂಡು ಕನ್ನಡಿ ನೋಡಿ, "ಇವ ಯಾರೋ ಫಾರೆಸ್ಟ್ ಆಫೀಸರ್ ಇದ್ದಂಗಿದಾನೆ" ಎಂದರು. ಹೊಸನಗರದವರೆಗೂ ಬಸ್ಸಿನಲ್ಲಿ ಕಂಡಕಂಡವರಿಗೆಲ್ಲ ನಗುತ್ತಾ ಹೋದರಂತೆ. ಮನೆಯ ನಾಯಿ ಗುರುತು ಸಿಗದೆ ಅಂಗಳಕ್ಕೇ ಬಿಟ್ಟುಕೊಳ್ಳಲಿಲ್ಲವಂತೆ. ಅಂತೂ ನನ್ನ ಪಾಲಿನ ಕೆಲಸ ಮುಗಿಯಿತು ಎಂದುಕೊಂಡೆ.

ಮಾರನೇ ದಿನ ಮೊದಲ ಬಸ್ಸಿಗೇ ಮಾವ ಹಾಜರು!

"ಚುಚ್ತದೆ ಮಾರಾಯ."

ಮತ್ತೆ ಡಾಕ್ಟರ ಹತ್ತಿರ ಹೋದೆವು.

"ಎಲ್ಲಿ ಚುಚ್ತದೆ ಯಜಮಾನ್ರೆ?"

"ಎಲೆಅಡಿಕೆ ಹಾಕಿದ್ರೆ ಚುಚ್ತದೆ."

"ಎಲ್ಲಿ ಅಂತ ಕೇಳಿದ್ದು ನಾನು."

"ಮನೇಲಿ."

ಡಾಕ್ಟರು ನನ್ನ ಮುಖ ನೋಡಿದರು, ನಾನು ಗೋಡೆ ನೋಡಿದೆ. ಒಂದಿಷ್ಟು ಉಜ್ಜಿ ಕೊಟ್ಟರು. ಹೊರಗೆ ಬಂದು ಹೋಟೆಲಿನಲ್ಲಿ ಕೂತರೆ ಮಾವ ಚಕ್ಕುಲಿ ತರಿಸಿ ಕಟಕಟನೆ ಕಡಿದು ತಿಂದರು. ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ಸದ್ದು.

"ಇದು ಚುಚ್ಚಲ್ವಾ ಮಾವ?"

"ಅಡಿಕೆ ಗಟ್ಟಿ ಬೇರೆ, ಚಕ್ಕುಲಿ ಗಟ್ಟಿ ಬೇರೆ. ನಿಂಗೆ ಗೊತ್ತಾಗಲ್ಲ ಸುಮ್ನಿರು."

ಆಮೇಲೆ ಇದೇ ಕಥೆ. ಬರುವುದು, ಉಜ್ಜಿಸುವುದು, ಚಕ್ಕುಲಿ ತಿನ್ನುವುದು, ಊರಿಗೆ ಹೋಗಿ ಚುಚ್ಚುತ್ತದೆ ಎನ್ನುವುದು. ನನ್ನ ರಜೆ ಅರ್ಜಿ ನೋಡಿ ನಮ್ಮ ಹೆಡ್‌ಮಾಸ್ತರು, "ಅಲ್ರೀ, ನಿಮ್ಮ ಮಾವನಿಗೆ ಒಟ್ಟು ಎಷ್ಟು ಹಲ್ಲು?" ಎಂದು ಕೇಳಿದರು. ಆ ನಡುವೆ ತೀರ್ಥಹಳ್ಳಿಯಲ್ಲಿ ನೆಂಟರ ಮದುವೆ. ಅಲ್ಲಿ ಮಾವ ಚಿರೋಟಿಯಿಂದ ಹಿಡಿದು ಹಪ್ಪಳದವರೆಗೆ ಯಾವುದನ್ನೂ ಬಿಡಲಿಲ್ಲ. ತಾಂಬೂಲದ ತಟ್ಟೆ ಬಂದಾಗ ಮಾತ್ರ ಎಲೆಅಡಿಕೆಯನ್ನು ಜೋಪಾನವಾಗಿ ಪಂಚೆಯ ತುದಿಗೆ ಕಟ್ಟಿಕೊಂಡರು. "ಚುಚ್ತದೆ. ಮನೆಗೆ ಹೋಗಿ ಕುಟ್ಟಿಸ್ಕಂಡು ಹಾಕ್ತೀನಿ." ಇಂಥವರನ್ನು ಇಟ್ಟುಕೊಂಡು ಯಾರಾದರೂ ಏನು ಮಾಡಬೇಕು ಹೇಳಿ?

ನನಗೆ ಸಾಕಾಗಿ ಹೋಯಿತು. ಕಣ್ಣಿಲ್ಲದ ಹೆಂಗಸಿನ ಕೈಯಲ್ಲಿ ಸುಮ್ಮಸುಮ್ಮನೆ ಕುಟ್ಟಿಸುತ್ತಾರಲ್ಲ ಎಂದು ಸಿಟ್ಟೂ ಬಂತು. ಒಂದು ಭಾನುವಾರ, ಇವತ್ತು ಅತ್ತೆಗೆ ಎಲ್ಲ ಹೇಳಿಯೇ ಬಿಡುವುದೆಂದು ಹೊರಟೆ. ಅತ್ತೆ ಬಾಗಿಲ ಪಕ್ಕ ಕುಟ್ಟುತ್ತಾ ಕೂತಿದ್ದರು. ಮಾವ ಹಿತ್ತಲಲ್ಲಿದ್ದರು.

"ಅತ್ತೆ, ಮಾವನ ಹಲ್ಲು..." ಎಂದು ಶುರುಮಾಡಿದೆ.

"ಚಲೋ ಅದೆ. ಗೊತ್ತು ನಂಗೆ" ಎಂದರು ಅತ್ತೆ, ಕೈ ನಿಲ್ಲಿಸದೆ. "ಹಿತ್ತಲ ಕಟ್ಟೆ ಮೇಲೆ ಕೂತು ಹುರಿದ ಹಲಸಿನ ಬೀಜ ಕಡೀತಾರೆ. ಕಣ್ಣು ಹೋಗಿದ್ದು ಮಗ, ಕಿವಿ ಅಲ್ಲ."

ನಾನು ಹಿತ್ತಲ ಕಡೆ ಕತ್ತು ಚಾಚಿ ನೋಡಿದೆ.

"ಹಲ್ಲು ಬಂದ ದಿನ ಕುಟ್ಟಾಣಿ ಅಟ್ಟಕ್ಕೆ ಹೋಯ್ತು. ಸಂಜೆ, ನಾನೆಂಥ ಮಾಡ್ಲಿ ಅಂತ ಸೊಸೆ ಹತ್ರ ಕೇಳ್ದೆ. ಸುಮ್ನೆ ಕೂತ್ಕಳಿ ಅತ್ತೆ ಅಂದ್ಲು. ಒಳ್ಳೆ ಹುಡುಗೀನೇ, ಪಾಪ. ಆದ್ರೆ ಸುಮ್ನೆ ಎಷ್ಟು ಅಂತ ಕೂರೋದು? ಅದು ಇವ್ರ ಕಿವಿಗೆ ಬಿತ್ತು ಅಂತ ಕಾಣ್ತದೆ. ಬೆಳಗಾಗೋದ್ರೊಳಗೆ ಹಲ್ಲು ಚುಚ್ಚೋಕೆ ಶುರುವಾಯ್ತು."

ಅತ್ತೆ ಕುಟ್ಟಾಣಿಯೊಳಗೆ ಬೆರಳಿಟ್ಟು ನುಣ್ಣಗಾಗಿದೆಯೇ ಎಂದು ನೋಡಿದರು.

"ನಂಗೆ ಗೊತ್ತು ಅಂತ ಅವ್ರಿಗೆ ಹೇಳ್ಬೇಡ ಮಗ. ಆಮೇಲೆ ಅವ್ರೇ ಅಗಿಬೇಕಾಗ್ತದೆ."

ಅಷ್ಟರಲ್ಲಿ ಮಾವ ಹಿತ್ತಲಿಂದ ಬಂದರು. ನನ್ನನ್ನು ಕಂಡದ್ದೇ ಮುಖ ಹುಳ್ಳಗೆ ಮಾಡಿ, ಹಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅತ್ತೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಇನ್ನೊಂದು ಅಂಗೈ ಚಾಚಿದರು. ಅತ್ತೆ ತಡವಿ, ಆ ಅಂಗೈಯ ನಡುವೆ ಸರಿಯಾಗಿ ಕುಟ್ಟಿದ್ದನ್ನು ಇಟ್ಟರು.

"ಇನ್ನೂ ಚುಚ್ತದೆ ಮಾರಾಯ" ಎಂದರು ಮಾವ, ಬೊಚ್ಚುಬಾಯಲ್ಲಿ.

"ಬುಧವಾರ ಬನ್ನಿ ಮಾವ" ಎಂದೆ. "ರಜೆ ಹಾಕ್ತೀನಿ."