ತಂಬೂರಿಗೆ ಹೋದ ಓಟಿಪಿ

ಸರ್ಕಾರದವರು ಯಾವುದಾದರೊಂದು ಕೆಲಸವನ್ನು "ಮನೆಯಲ್ಲೇ ಕುಳಿತು ಸುಲಭವಾಗಿ ಮಾಡಿಕೊಳ್ಳಿ" ಎಂದರೆ ಸಾಕು, ನಮ್ಮ ಸಂಶಿಯಲ್ಲಿ ಅವತ್ತಿನಿಂದ ಯಾರೂ ಮನೆಯಲ್ಲಿ ಕೂಡುವುದಿಲ್ಲ. ಮೊದಲು ನನ್ನ ಕಿರಾಣಿ ಅಂಗಡಿ ಕಟ್ಟೆಗೆ ಬರುತ್ತಾರೆ. ಅಲ್ಲಿಂದ ಬಸ್ ಸ್ಟ್ಯಾಂಡ್ ಬಾಜು ಇರುವ ಕಂಪ್ಯೂಟರ್ ಸೆಂಟರಿಗೆ ಹೋಗುತ್ತಾರೆ. ಅಲ್ಲಿಂದ ಹೊರಳಿ ನನ್ನ ಕಟ್ಟೆಗೇ ಬಂದು ತಲೆಗೆ ಕೈ ಹಚ್ಚಿಕೊಂಡು ಕೂಡುತ್ತಾರೆ. ಹಾಗಾಗಿ ಇಂಥ ಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋಗುವುದೇ ಬೇಡ. ಬೆಲ್ಲದ ಪೆಂಟಿ ಬಿಚ್ಚಿಟ್ಟಲ್ಲಿ ನೊಣ ಬಂದಂತೆ ತಾವಾಗೇ ಬರುತ್ತವೆ. ಈ ಸಲ ಬಂದದ್ದು ಫೋನ್ ನಂಬರಿನ ಗದ್ದಲ.

ನನಗೆ ಆರನೇ ತಿಂಗಳು

ಊರಲ್ಲಿ ಮನೆಗೊಂದು ಫೋನ್ ಇಲ್ಲದ ಕಾಲದಲ್ಲಿ ಯಾವ ಅರ್ಜಿಯಲ್ಲಿ ನಂಬರು ಕೇಳಿದರೂ ಜನ ತಲೆ ಎತ್ತಿ ನನ್ನ ಅಂಗಡಿಯ ಬೋರ್ಡ್ ನೋಡಿ, ಅಲ್ಲಿದ್ದ ನಂಬರನ್ನೇ ಬರೆದು ಕೊಟ್ಟುಬಿಟ್ಟಿದ್ದರು. ನನ್ನನ್ನು ಒಂದು ಮಾತು ಕೇಳಿದವರಿಲ್ಲ. ಬೋರ್ಡ್ ಇರುವುದೇ ಅದಕ್ಕೆ ಎಂಬುದು ಅವರ ತಿಳುವಳಿಕೆ. ಈಗ ಎಲ್ಲರ ಕೈಯಲ್ಲೂ ಫೋನು ಬಂದಿದೆ, ಆದರೆ ಸರ್ಕಾರದ ಲೆಕ್ಕದಲ್ಲಿ ಅವರೆಲ್ಲ ಇನ್ನೂ ನನ್ನ ಜೇಬಿನಲ್ಲೇ ವಾಸವಾಗಿದ್ದಾರೆ.

ಒಂದಿನ ಊಟಕ್ಕೆ ಕುಳಿತಾಗ ಫೋನು ಟಿಣ್ ಅಂದಿತು. ಕೈ ಎಂಜಲಿತ್ತು, ಹೆಂಡತಿ ಎತ್ತಿ ಓದಿದಳು. "ನೀವು ಗರ್ಭಾವಸ್ಥೆಯ ಆರನೇ ತಿಂಗಳಿನಲ್ಲಿದ್ದೀರಿ. ಭಾರವಾದ ವಸ್ತುಗಳನ್ನು ಎತ್ತಬೇಡಿ. ಹೆಚ್ಚಿನ ವಿಶ್ರಾಂತಿ ಪಡೆಯಿರಿ."

ನಾನು ತುತ್ತು ಹಿಡಿದು ಆಕೆಯ ಮುಖ ನೋಡಿದೆ. ಆಕೆ ನನ್ನ ಹೊಟ್ಟೆ ನೋಡಿದಳು.

"ಸಕ್ರಿ ಚೀಲ ಒಳಗ ಇಡ್ರಿ ಅಂದ್ರ ನಡ ಹಿಡದೈತಿ ಅಂತಿದ್ರಿ. ಮೊದಲ ಹೇಳೂದಲ್ಲ!" ಅಂದಳು.

ಮತ್ತೊಮ್ಮಿ ಸಾಯಬೇಕೇನು?

ಅದಾದ ಮೇಲೆ ಬಂದ ಮೆಸೇಜು ನಗುವಂಥದ್ದಾಗಿರಲಿಲ್ಲ. "ನಿಮ್ಮ ಸಂಪರ್ಕ ವಿವರ ನವೀಕರಿಸಿ. ತಪ್ಪಿದಲ್ಲಿ ಸೌಲಭ್ಯ ನಿಲ್ಲಿಸಲಾಗುವುದು." ಯಾರ ಸೌಲಭ್ಯ, ಹೆಸರಿಲ್ಲ. ಕಟ್ಟೆಯ ಮೇಲೆ ಓದಿ ಹೇಳಿದೆ. ಒಬ್ಬೊಬ್ಬರ ಮುಖವೂ ಇಳಿಯಿತು. ಒಬ್ಬ ರೇಷನ್ ಕಾರ್ಡ್ ಹುಡುಕಲು ಓಡಿದ, ಒಬ್ಬಾಕೆ ಬ್ಯಾಂಕಿನ ಪಾಸ್‌ಬುಕ್ ಸೆರಗಿಗೆ ಗಂಟು ಹಾಕಿಕೊಂಡಳು.

ಆದರೆ ನಿಜವಾಗಿ ಪೆಟ್ಟು ಬಿದ್ದದ್ದು ಎದುರು ಮನೆಯ ಅಜ್ಜಿಗೆ. ನಾವೆಲ್ಲ ಆಕೆಗೆ ಆಯಿ ಅನ್ನುತ್ತೇವೆ. ಆಕೆಯ ವಿಧವಾ ವೇತನ ಆಗಲೇ ನಿಂತುಹೋಗಿತ್ತು. ನಮ್ಮ ಕಡೆ ಅದಕ್ಕೂ ಪಗಾರ ಅಂತಲೇ ಅನ್ನುವುದು. ಗಂಡ ತೀರಿಕೊಂಡಾಗ ಅರ್ಜಿಯಲ್ಲಿ ಆಯಿ ಮನೆಯಲ್ಲಿದ್ದ ಅವನ ಫೋನಿನ ನಂಬರನ್ನೇ ಕೊಟ್ಟಿದ್ದಳು. ಆಮೇಲೆ ಅದಕ್ಕೆ ಯಾರೂ ರೀಚಾರ್ಜ್ ಮಾಡಿಸಲಿಲ್ಲ. ಯಜಮಾನನ ಹಿಂದೆ ಸಿಮ್ಮೂ ಹೋಯಿತು. ಈಗ ಅಣ್ಣಿಗೇರಿಯ ಮಗಳು ಬಟನ್ ಫೋನು ಕೊಡಿಸಿದ್ದಳು. ಆ ಹೊಸ ನಂಬರು ಸರ್ಕಾರಕ್ಕೆ ಗೊತ್ತಾಗಬೇಕು, ಇಲ್ಲದಿದ್ದರೆ ಪಗಾರ ಇಲ್ಲ.

ಆಯಿ ಖಾನಾವಳಿಗೆ ರೊಟ್ಟಿ ಬಡಿದು ಕೊಡುತ್ತಾಳೆ. ಅದು ಹಿಟ್ಟು-ಉಪ್ಪಿಗೆ ಆಗುತ್ತದೆ. ಬಿಪಿ ಗುಳಿಗೆಗೆ, ಕರೆಂಟಿಗೆ, ಮರ್ಯಾದೆಗೆ ಪಗಾರವೇ ಬೇಕು. "ಇದು ಬರ್ಲಿಲ್ಲಂದ್ರ ಮಗಳ ಮನಿಗೆ ಹೋಗಬೇಕು ತಮ್ಮಾ. ಬೀಗರ ಮನ್ಯಾಗ ಎರಡನೇ ಕಪ್ ಚಹಾ ಕೇಳಾಕ ನನಗ ಬಾಯಿ ಬರೂದಿಲ್ಲ" ಎಂದು ನನ್ನ ಕಟ್ಟೆಯ ಮೇಲೆ ಕುಳಿತು ನಿಟ್ಟುಸಿರು ಬಿಡುತ್ತಿದ್ದಳು. ಅಂಗಡಿ ಮುಂದೆ ನಿಟ್ಟುಸಿರು ಬಿಡುವವರು ಕುಳಿತರೆ ಗಿರಾಕಿ ಹತ್ತಿರ ಬರುವುದಿಲ್ಲ. ನಾನು ಆಕೆಯ ಜೊತೆ ಹೊರಟದ್ದು ಪುಣ್ಯಕ್ಕಲ್ಲ.

ಮೊದಲು ಕುಂದಗೋಳದ ತಾಲೂಕು ಆಫೀಸಿಗೆ ಹೋದೆವು. ಕಿಟಕಿಯೊಳಗಿನವರು ಹೇಳಿದರು: "ಶನಿವಾರ ಕಡೀ ದಿನ ಐತ್ರಿ. ಊರಾಗ ಆನ್‌ಲೈನ್ ಮಾಡಸ್ರಿ. ತಪ್ಪಿದ್ರ ಹೊಸಾ ಅರ್ಜಿ, ಮೊದಲಿಂದ ಎಲ್ಲಾ ಆಗಬೇಕು."

ಆಯಿ ಕಿಟಕಿಗೆ ಮುಖ ಹಚ್ಚಿ ಕೇಳಿದಳು: "ಮೊದಲಿಂದ ಅಂದ್ರ? ನಮ್ಮನಿಯವ್ರು ಮತ್ತೊಮ್ಮಿ ಸಾಯಬೇಕೇನು?"

ಗುಟ್ಟಿನ ಓಟಿಪಿ

ಶನಿವಾರ ಸೆಂಟರಿನ ಮುಂದೆ ದೊಡ್ಡ ಪಾಳಿ. ಸೆಂಟರ್ ನಡೆಸುವವರನ್ನು ನಾವೆಲ್ಲ ಭಾಯಿ ಅನ್ನುತ್ತೇವೆ. ಮೊದಲು ಟೇಲರಿಂಗ್ ಮಾಡುತ್ತಿದ್ದರು, ಈಗಲೂ ಎದುರಿಗೆ ಕುಳಿತವರ ಭುಜದ ಅಳತೆ ಕಣ್ಣಲ್ಲೇ ತೆಗೆಯುತ್ತಾರೆ. ಸಂಜೆ ಐದಕ್ಕೆ ಸೈಟ್ ಬಂದ್ ಆಗುತ್ತದೆಂದು ಯಾರೋ ಅಂದರು. ಅಲ್ಲಿಂದ ಆಯಿಗೆ ಗೋಡೆ ಗಡಿಯಾರ ನೋಡುವುದೇ ಕೆಲಸವಾಯಿತು. ಗಡಿಯಾರ ನೋಡಲು ಆಕೆಗೆ ಬರುವುದಿಲ್ಲ. ಆದ್ದರಿಂದ ಒಮ್ಮೆ ಗಡಿಯಾರ ನೋಡುವುದು, ಒಮ್ಮೆ ನನ್ನ ಮುಖ ನೋಡುವುದು.

ನಮ್ಮ ಮುಂದೆ ಒಬ್ಬ ರೈತ ಇದ್ದ. ಅವನ ಫೋನಿಗೆ ಓಟಿಪಿ ಬಂತು. ಭಾಯಿ "ಹೇಳ್ರಿ" ಅಂದರು.

"ಹೇಳೂದಿಲ್ಲ."

"ಹೇಳದ ಹೆಂಗ ಆಗ್ತೈತ್ರಿ?"

"ಬ್ಯಾಂಕಿನ ಸಾಹೇಬ್ರು ಮೀಟಿಂಗಿನ್ಯಾಗ ಹೇಳ್ಯಾರ. ಓಟಿಪಿ ಯಾರಿಗೂ ಹೇಳಬ್ಯಾಡ್ರಿ, ಕಟಕೊಂಡಾಕಿಗೂ ಹೇಳಬ್ಯಾಡ್ರಿ ಅಂದಾರ. ಆಕಿಗ ಹೇಳಿಲ್ಲ, ನಿನಗ ಹೇಳ್ಲೇನು?"

ಭಾಯಿ ತಿಳಿಸಿ ಹೇಳಿದರು, ಪಾಳಿಯವರು ಬೈದರು. ಆತ ಫೋನನ್ನು ಅಂಗಿಯೊಳಗೆ ಇಳಿಬಿಟ್ಟುಕೊಂಡ. ಆಯಿ ನನ್ನ ತೋಳು ಹಿಡಿದು "ಎಷ್ಟಾತು?" ಅಂದಳು. ಮೂರಾಗಿತ್ತು. ಕೊನೆಗೆ ಭಾಯಿ ಕೀಬೋರ್ಡನ್ನು ಅವನ ಕಡೆ ತಿರುಗಿಸಿ, "ನೀವ ಒತ್ತ್ರಿ. ಎಲ್ಲಾರೂ ಗೋಡಿ ಕಡೆ ಮಾರಿ ಮಾಡ್ರೆಪಾ" ಅಂದರು. ಎಲ್ಲರೂ ಗೋಡೆಗೆ ಮುಖ ಮಾಡಿ ನಿಂತೆವು, ಸಾಲಿಯಲ್ಲಿ ಮಾಸ್ತರು ಶಿಕ್ಷೆಗೆ ನಿಲ್ಲಿಸಿದ ಹಾಗೆ.

ಸ್ವಲ್ಪ ಹೊತ್ತಿಗೆ ಹಿಂದಿನಿಂದ ದನಿ ಬಂತು. "ಏಳು ಎಲ್ಲೈತ್ರಿ ಇದರಾಗ?"

"ಮ್ಯಾಲಿನ ಸಾಲಿನ್ಯಾಗ!"

"ಸಿಕ್ತು. ಎರಡು?"

"ಎಡಕ್ಕ!"

"ಮತ್ತ ಏಳು... ಅದು ಅಲ್ಲೇ ಇರಬೇಕಲ್ಲ?"

ಕಡೆಯ ಅಂಕಿ ಹುಡುಕುವುದರಲ್ಲಿ ಅದರ ಟೈಮ್ ಮುಗಿಯಿತು. ಹೊಸ ಓಟಿಪಿ ಬಂತು, ಮತ್ತೆ ಗೋಡೆ, ಮತ್ತೆ ಅದೇ ಕೂಗು. ಆತ ಕೆಲಸ ಮುಗಿಸಿ ಹೊರಬಿದ್ದಾಗ ಅವನ ಎರಡೂ ಓಟಿಪಿ ಪಾಳಿಯಲ್ಲಿದ್ದವರಿಗೆಲ್ಲ ಮಗ್ಗಿಯಂತೆ ಬಾಯಿಪಾಠ ಆಗಿದ್ದವು. ಹೋಗುವಾಗ ನನ್ನ ಕಿವಿಯಲ್ಲಿ ಅಂದ: "ಸಾವಕಾರ್ರ, ನಾವು ಹುಷಾರಿದ್ರ ಯಾರೂ ಏನೂ ಮಾಡಾಕ ಆಗಂಗಿಲ್ಲ ನೋಡ್ರಿ."

ಬೆರಳು ಎಲ್ಲಿಗೆ ಹೋದವು?

ನಮ್ಮ ಪಾಳಿ ಬಂದಾಗ ನಾಲ್ಕು ಹೊಡೆದಿತ್ತು. ಭಾಯಿ ಅಂದರು: "ಹಳೆ ನಂಬರ ಚಾಲೂ ಇಲ್ಲಂದ್ರ ಬೆರಳು ಒತ್ತಿದ್ರ ಸಾಕ್ರಿ ಆಯಿ. ಆರಾಮ ಕೆಲಸ."

ಆಯಿ ಹೆಬ್ಬೆರಳು ಇಟ್ಟಳು. ಮಷಿನ್ನು ಕೆಂಪು ದೀಪ ತೋರಿಸಿತು. ತೋರುಬೆರಳು, ಕೆಂಪು. ನಡುಬೆರಳು, ಕೆಂಪು. ಸೆರಗಿಗೆ ಒರೆಸಿ ಇಟ್ಟಳು, ಕೆಂಪು. ಪಾಳಿಯಲ್ಲಿದ್ದವರಿಗೆಲ್ಲ ಒಂದೊಂದು ಔಷಧ ಗೊತ್ತಿತ್ತು. ಒಬ್ಬರು ನಿಂಬೆಹಣ್ಣು ತಿಕ್ಕಬೇಕು ಅಂದರು, ಒಬ್ಬರು ಕೊಬ್ಬರಿ ಎಣ್ಣೆ ಅಂದರು. ಹಿಂದಿದ್ದವನೊಬ್ಬ "ಕೈ ಬಿಸಿಲಿಗೆ ಹಿಡೀರಿ" ಅಂದ, ಮೆಣಸಿನಕಾಯಿ ಒಣಗಿಸಿದ ಹಾಗೆ. ಎಲ್ಲ ಆಯಿತು. ಮಷಿನ್ನು ಆಯಿಯನ್ನು ಗುರುತು ಹಿಡಿಯಲಿಲ್ಲ.

ಭಾಯಿ ಆಯಿಯ ಬೆರಳು ಬೆಳಕಿಗೆ ಹಿಡಿದು ನೋಡಿದರು. "ಗೆರಿನ ಇಲ್ಲಲ್ರಿ ಸಾವಕಾರ್ರ. ಅಗದಿ ನುಣ್ಣಗ ಅದಾವು."

ಆಯಿಗೆ ಸಿಟ್ಟು ಬಂತು. ಹೆದರಿಕೆ ಹೆಚ್ಚಾದಾಗ ಆಕೆಗೆ ಸಿಟ್ಟೇ ಬರುವುದು. "ಮದುವ್ಯಾಗಿ ಬಂದಾಗಿಂದ ರೊಟ್ಟಿ ಬಡ್ಯಾಕತ್ತೇನಿ. ನನ್ನ ಬೆರಳಚ್ಚು ಬೇಕಂದ್ರ ಇಲ್ಲಿ ಯಾಕ ಹುಡುಕತೀರಿ? ಸಂಶಿ ಮಂದಿ ಹೊಟ್ಟ್ಯಾಗ ಅದಾವು, ಹೋಗಿ ನೋಡ್ರಿ!"

ತಂಬೂರಿನ ತಂಗಿ

ಇನ್ನು ಉಳಿದದ್ದು ಒಂದೇ ದಾರಿ. ಹಳೆಯ ನಂಬರಿಗೆ ಹೋಗುವ ಓಟಿಪಿ ಹೇಗಾದರೂ ತಿಳಿಯಬೇಕು. ಭಾಯಿ ಹೇಳಿದರು: "ಬಂದಾದ ನಂಬರ ಕಂಪನಿಯವ್ರು ಬ್ಯಾರೇದವ್ರಿಗೆ ಕೊಟ್ಟಿರ್ತಾರ. ಹಚ್ಚಿ ನೋಡ್ರಿ."

ಆಯಿಯ ಹೊಸ ಫೋನಿನಿಂದಲೇ ಹಚ್ಚಿ ಸ್ಪೀಕರ್ ಹಾಕಿದೆ. ರಿಂಗಾಯಿತು. ಆಯಿಯ ಮುಖ ಬೆಳ್ಳಗಾಯಿತು. "ತಮ್ಮಾ, ಎತ್ತಿದ್ರ ಏನ ಮಾತಾಡ್ಲಿ?"

ಎತ್ತಿದರು. ಹೆಣ್ಣು ದನಿ. "ಯಾರ್ರೀ?"

ಆಯಿಯ ಮುಖ ಒಮ್ಮೆಲೇ ಕೆಂಪಾಯಿತು. "ನೀ ಯಾರ ಬೇ? ನಮ್ಮನಿಯವ್ರ ಫೋನು ನಿನ್ನ ಕೈಯಾಗ ಹೆಂಗ ಬಂತು?"

ಸಮಾಧಾನ ಮಾಡಲು ಸಾಕಾಯಿತು. ಆ ತಂಗಿ ಕಲಘಟಗಿ ಕಡೆಯ ತಂಬೂರಿನವಳು. ಹೊಸ ಸಿಮ್ಮು ತೆಗೆದುಕೊಂಡಾಗ ಈ ನಂಬರು ಬಂದಿತ್ತು. ನಾನು ವಿಷಯ ಬಿಡಿಸಿ ಹೇಳಿದೆ: ಪಗಾರ ನಿಂತಿದೆ, ಇವತ್ತೇ ಕಡೆಯ ದಿನ, ನಿಮಗೊಂದು ಓಟಿಪಿ ಬರುತ್ತದೆ, ಅದನ್ನು ಹೇಳಿರಿ.

"ಹಾಂ! ಗೊತ್ತಾತು ಬಿಡ್ರಿ. ಮೊದಲ ಒಬ್ಬಾಕಿ ಮುದುಕಿ ಒದರಾಡ್ತಾಳ, ಆಮ್ಯಾಲ ಒಬ್ಬಾವ ಗಂಡಸು ಓಟಿಪಿ ಕೇಳ್ತಾನ. ನಾವೂ ಟಿವಿ ನೋಡ್ತೇವ್ರಿ."

"ಇಲ್ಲಬೇ ತಂಗಿ, ನಾ ಕಿರಾಣಿ ಅಂಗಡಿಯಂವ..."

"ಕಳ್ಳರು ಕಳ್ಳರು ಅಂತ ಹೇಳ್ಕೊಂತಾರೇನು?"

ಭಾಯಿ ಗಡಿಯಾರ ತೋರಿಸಿದರು. ನಾಲ್ಕೂವರೆ. ಆಯಿ ಎರಡೂ ಕೈ ಜೋಡಿಸಿದಳು, ಫೋನಿಗೆ ಕಾಣುತ್ತದೆ ಎಂಬಂತೆ. "ಯವ್ವಾ, ನಿನಗ ಪುಣ್ಯ ಬರ್ತೈತಿ. ನಾ ಖರೇನ ಅವ್ರ ಹೇಣ್ತಿ."

ತಂಗಿಯ ದನಿ ಸ್ವಲ್ಪ ಇಳಿಯಿತು. "ಈ ನಂಬರಿಗೆ ಒಬ್ಬರ ಹೆಸರು ಕೇಳ್ಕೊಂಡು ಭಾಳ ಫೋನ್ ಬರ್ತಾವು. ಆ ಹೆಸರು ಯಾವುದು? ನಿನ್ನ ಗಂಡನ ಹೆಸರು ಹೇಳು."

ಆಯಿ ಬಾಯಿ ಮುಚ್ಚಿಕೊಂಡಳು. ನಾನು ತಡೆಯಲಾರದೆ "ಫಕೀರಪ್ಪ ಅಂತ್ರಿ" ಅಂದುಬಿಟ್ಟೆ.

"ನಿನ್ನ ಕೇಳಿಲ್ಲ! ಆಕಿ ಹೇಳ್ಲಿ. ಹೇಳ್ಳಿಲ್ಲಂದ್ರ ಫೋನ್ ಇಡ್ತೇನಿ."

ಆಯಿ ನನ್ನ ಕಡೆ ನೋಡಿದಳು, ಭಾಯಿಯ ಕಡೆ ನೋಡಿದಳು, ಪಾಳಿಯ ಅಷ್ಟೂ ಗಂಡಸರನ್ನು ನೋಡಿದಳು. ಮದುವೆಯಾದಾಗಿನಿಂದ ಆ ಹೆಸರನ್ನು ಒಡಪಿನ ಪ್ರಾಸಕ್ಕೆ ಹೊಸೆದು ಹೇಳಿದ್ದಲ್ಲದೆ ಬರಿದೇ ಬಾಯಿಂದ ಆಡಿದವಳಲ್ಲ. ನಾನು "ಆಯಿ, ಪಗಾರ ಹೊಂಟೈತಿ" ಅಂದೆ. ಆಯಿ ತಲೆಯ ಮೇಲೆ ಸೆರಗು ಎಳೆದುಕೊಂಡಳು, ಗೋಡೆಯ ಕಡೆ ತಿರುಗಿದಳು, ಹೊಸ ಮದುಮಗಳ ದನಿಯಲ್ಲಿ ಒಡಪು ಹೇಳಿದಳು:

"ಹಿಂಡಿಗೆ ಉಪ್ಪ, ರೊಟ್ಟಿಗೆ ತುಪ್ಪ,
ಹೇಳದ ಎದ್ದು ಹೋದ ಗಂಡ ಫಕೀರಪ್ಪ."

ತಂಬೂರಿನಲ್ಲಿ ನಗು ಕೇಳಿಸಿತು. "ಕಳ್ಳರು ಹೆಸರು ಕಲೀಬಹುದು ಆಯಿ, ಹಿಂಗ ನಾಚೂದು ಕಲಿಯಾಕ ಆಗಂಗಿಲ್ಲ. ಕಳಸ್ರಿ ಓಟಿಪಿ."

ಭಾಯಿ ಕಳಿಸಿದರು. ತಂಗಿ ಓದುವಷ್ಟರಲ್ಲಿ ಕರೆಂಟು ಮಿಣುಕಿ ಕಂಪ್ಯೂಟರ್ ಬಂದ್ ಆಯಿತು. ಕಂಪ್ಯೂಟರ್ ಮತ್ತೆ ಹತ್ತಿಕೊಂಡು ಸೈಟ್ ತೆರೆಯುವ ಹೊತ್ತಿಗೆ ಐದಾಗಲು ಸ್ವಲ್ಪವೇ ಉಳಿದಿತ್ತು.

"ಮತ್ತೊಂದು ಓಟಿಪಿ ಬರ್ತೈತಿ ತಂಗಿ, ಲಗೂನ ಹೇಳು" ಅಂದೆ.

"ಮತ್ತೊಂದು ಒಡಪ ಹೇಳ್ಲಿ, ಹೇಳ್ತೇನಿ. ನಮ್ಮತ್ತಿನೂ ಕರದೇನಿ, ಕೇಳಾಕ."

ಜಗಳ ಆಡಲು ಟೈಮಿರಲಿಲ್ಲ. ಆಯಿ ಈ ಸಲ ಗೋಡೆಗೂ ತಿರುಗಲಿಲ್ಲ:

"ಎರಿ ಹೊಲದಾಗ ಕಡ್ಲಿ ಸೊಪ್ಪ,
ಎಮ್ಮಿ ನೀರು ಕುಡದಂಗ ಚಹಾ ಕುಡದ್ರು ಫಕೀರಪ್ಪ!"

ತಂಬೂರಿನಲ್ಲಿ ಅತ್ತೆ-ಸೊಸೆ ಇಬ್ಬರೂ ನಕ್ಕರು, ನಗುತ್ತಲೇ ಅಂಕಿ ಹೇಳಿದರು. ಭಾಯಿ ಒತ್ತಿದರು. ಚಕ್ರ ತಿರುಗಿತು, ತಿರುಗಿತು. ಒಂದು ಹಸಿರು ಗುರುತು ಬಂತು. "ಆತ್ರೀ ಆಯಿ. ಹೊಸಾ ನಂಬರ ಕುಂತತು. ಪಗಾರ ಚಾಲೂ ಆಗ್ತೈತಿ" ಅಂದರು. ಆಯಿ ಅಲ್ಲೇ ನೆಲದ ಮೇಲೆ ಕುಳಿತು ಉಸಿರು ಬಿಟ್ಟಳು.

ಹಿಂದಿನವರು ತಳ್ಳಾಡುತ್ತಿದ್ದರು. ನಾನು ಸ್ಪೀಕರ್ ಬಂದ್ ಮಾಡಿ, ತಂಗಿಗೆ ಉಪಕಾರ ಹೇಳಲೆಂದು ಫೋನನ್ನು ಕಿವಿಗೆ ಹಚ್ಚಿಕೊಂಡೆ. ಆಯಿ ನನ್ನ ಧೋತರದ ಚುಂಗು ಎಳೆದಳು.

"ತಮ್ಮಾ, ಆಕಿಗೊಂದು ಮಾತು ಕೇಳು. ಆ ನಂಬರಿಗೆ ಅವ್ರನ್ನ ಕೇಳ್ಕೊಂಡು ಯಾರರ ಹೆಣಮಕ್ಕಳು ಫೋನ್ ಮಾಡ್ತಾರೇನಂತ."

ಕೇಳಿದೆ. ಆ ತಂಗಿ ಸಹಜವಾಗಿ ಅಂದಳು: "ಹೌದ್ರಿ, ಒಬ್ಬಾಕಿ ಮಾಡ್ತಾಳಲ್ಲ! ಅಮಾಸಿ ಮುಂದ ತಪ್ಪೂದಿಲ್ಲ. ಅದಾರೇನು ಅಂತಾಳ, ನಾ ಇಲ್ಲ ಅಂದಕೂಡ್ಲೆ..."

ನಾನು ಫೋನ್ ಕಟ್ ಮಾಡಿದೆ.

"ಏನಂದ್ಳು?"

"ನೆಟ್‌ವರ್ಕ್ ಹೋತು ಆಯಿ."

ಆಯಿ ಮೊಣಕಾಲ ಮೇಲೆ ಕೈ ಊರಿ ಎದ್ದಳು. ನನ್ನ ಕೈಯಿಂದ ಫೋನ್ ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡಳು.

"ನೆಟ್‌ವರ್ಕ್ ಯಾಕ ಹೋತು ಅನ್ನೂದು ನನಗ ತಿಳೀತೈತಿ ತಮ್ಮಾ. ಆಕಿ ಯಾರು ಅನ್ನೂದೂ ಗೊತ್ತೈತಿ. ಆಕಿ ಹೆಸರು ಹೇಳಾಕ ನನಗ ಒಡಪ ಬೇಕಾಗೂದಿಲ್ಲ."